ಮಳೆಗಾಲದ ಸ್ಕೂಬಾ ಪ್ರವಾಸ: ಒಂದು ಸ್ಪಷ್ಟನೆ

‘ನೀರಿನೊಳಗೆ ಮಳೆ ತಾಗದು; ಆದ್ದರಿಂದ ನೇತ್ರಾಣಿ, ಲಕ್ಷದ್ವೀಪಗಳಲ್ಲಿ ಸ್ಕೂಬಾ ಡೈವಿಂಗಿಗೆ ಜೂನ್, ಜುಲೈ ತಿಂಗಳುಗಳೇ ಉತ್ತಮ’ ಎಂಬ ಸಂದೇಶವೊಂದು ಮಂಜೇಶ್ವರ, ಕುಂಬಳೆ, ಕಾಸರಗೋಡಿನ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಪರಿಶೀಲಿಸದೆ ನಾನೂ ಅದನ್ನು ಹಂಚಿದ್ದೆ. ಅದು ತಪ್ಪು.

ಅಡ್ಡಿ ಮಳೆಯ ಹನಿಯಲ್ಲ, ಗಾಳಿ ಮತ್ತು ಅಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈರುತ್ಯ ಮುಂಗಾರು ಅರಬ್ಬೀ ಸಮುದ್ರವನ್ನು ಪ್ರಕ್ಷುಬ್ಧಗೊಳಿಸುವುದರಿಂದ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವ ಡೈವಿಂಗ್ ದೋಣಿಗಳು ಆಗ ನಿಲ್ಲುತ್ತವೆ. ಹೊಳೆಗಳು ತರುವ ಮಣ್ಣು, ಆಳದಿಂದ ಮೇಲೇಳುವ ಪೋಷಕಾಂಶಭರಿತ ತಣ್ಣೀರಿನಲ್ಲಿ ಹೆಚ್ಚುವ ಪ್ಲವಕಗಳು (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು), ಇವೆರಡೂ ಕರಾವಳಿಯ ನೀರನ್ನು ಮಬ್ಬಾಗಿಸುತ್ತವೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಚಂದ್ರಗಿರಿ ಹೊಳೆ ಕಡಲು ಸೇರುವಲ್ಲಿನ ಕೆಂಪು ನೀರನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೇತ್ರಾಣಿಗೆ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಕಾಲ ಒಳ್ಳೆಯದು. ಲಕ್ಷದ್ವೀಪಕ್ಕೆ ಅಕ್ಟೋಬರ್‌ನಿಂದ ಮೇ ನಡುಭಾಗದವರೆಗೆ ಹೋಗಬಹುದು.

ಉಷ್ಣವಲಯದ ಎಲ್ಲ ಕಡಲುಗಳಿಗೂ ಒಂದೇ ಋತು ಇಲ್ಲ ಎಂಬುದೂ ನಿಜ. ಥಾಯ್ಲೆಂಡಿನ ಪಶ್ಚಿಮದ ಸಿಮಿಲಾನ್ ದ್ವೀಪಗಳು ಮೇ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಮುಚ್ಚಿರುವಾಗ, ಪೂರ್ವದ ಕೊಲ್ಲಿಯಲ್ಲಿರುವ ಕೋ ತಾವೊದಲ್ಲಿ ಡೈವಿಂಗ್ ನಡೆಯುತ್ತದೆ. ಆದರೆ ಆ ಲೆಕ್ಕ ನಮ್ಮ ಕರಾವಳಿಗೆ ಹೊಂದದು.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ; ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.