ಟೀಚರ್ ಆಗಿದ್ದ ಅಮ್ಮನ ಬಗ್ಗೆ ಬರೆಯುವಾಗ

ಪ್ರೈಮರಿ ಶಾಲೆಯಲ್ಲಿ ಮೂವತ್ತು ಮೂವತ್ತೈದು ವರ್ಷ ಪಾಠ ಹೇಳಿದ ಹೆಂಗಸು ತೀರಿಕೊಂಡಾಗ ನಿಧನ ವಾರ್ತೆಯಲ್ಲಿ, ಉತ್ತರಕ್ರಿಯೆಯ ಕಾರ್ಡಿನಲ್ಲಿ, ಇಲ್ಲಿ ಫೇಸ್‌ಬುಕ್ಕಿನಲ್ಲಿ ಬರುವ ಒಕ್ಕಣೆ ಹೆಚ್ಚುಕಡಿಮೆ ಒಂದೇ. ಮಮತಾಮಯಿ, ಆದರ್ಶ ಶಿಕ್ಷಕಿ, ಅಪಾರ ಬಂಧುಬಳಗವನ್ನು ಅಗಲಿದ್ದಾರೆ. ಹೆಸರು, ಫೋಟೊ ಬದಲಿಸಿದರೆ ಯಾರಿಗೆ ಬೇಕಾದರೂ ಒಪ್ಪುತ್ತದೆ. ಪತ್ರಿಕೆಯಲ್ಲಿ ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು ಕೊಡಬೇಕು, ಅಲ್ಲಿ ಬಿಡಿ. ಮನೆಯವರೇ ನೆನಪಿನ ಪುಸ್ತಕ ಮಾಡಿಸುವಾಗಲೂ ಅದೇ ಯಾಕೆ ಅಂದರೆ, ಮಕ್ಕಳಿಗೆ ಅಮ್ಮ ಗೊತ್ತು, ಟೀಚರ್ ಗೊತ್ತಿಲ್ಲ. ಬೆಳಿಗ್ಗೆ ಬಸ್ಸು ಹತ್ತಿದವರು ಸಂಜೆ ಇಳಿಯುವ ತನಕ ಏನು ಮಾಡುತ್ತಿದ್ದರು ಅನ್ನುವುದು ಬೇರೆಯವರ ತಲೆಯಲ್ಲಿದೆ. ಹೋಗಿ ಕೇಳಿದರಷ್ಟೇ ಸಿಗುತ್ತದೆ.

ಮೊದಲು ಕೇಳಬೇಕಾದ್ದು ಗಂಡನನ್ನು. ಇಂಥ ಪುಸ್ತಕಗಳಲ್ಲಿ ಅವರ ಪಾಲು ಒಂದು ಪ್ಯಾರಾ, ಅದೂ ಬಹಳ ಸಲ ಮಗಳು ಬರೆದುಕೊಟ್ಟದ್ದು. ಆದರೆ ವರ್ಗಾವಣೆಯ ಕತೆ ಪೂರ್ತಿ ಇರುವುದು ಅವರ ಹತ್ತಿರವೇ. ಶಿಕ್ಷಕರ ವರ್ಗಾವಣೆಗೆಂದೇ ರಾಜ್ಯದಲ್ಲಿ ಕಾಯ್ದೆ ಬಂದದ್ದು 2007ರಲ್ಲಿ. ಅದಕ್ಕೆ ಮುಂಚೆ ಇಬ್ಬರೂ ಒಂದೇ ತಾಲೂಕಿಗೆ ಬರಲು ಎಷ್ಟು ಓಡಾಡಿದರು, ಎಷ್ಟು ವರ್ಷ ಎರಡು ಕಡೆ ಮನೆ ಮಾಡಿದರು, ಕೂಸು ಯಾರ ಮನೆಯಲ್ಲಿ ಬೆಳೆಯಿತು? ರಾಜ್ಯದ ಮಹಿಳಾ ನೌಕರರಿಗೆ ಶಿಶುಪಾಲನಾ ರಜೆ ಸಿಕ್ಕಿದ್ದು 2021ರಲ್ಲಿ. ಅಷ್ಟರೊಳಗೆ ನಿವೃತ್ತರಾದವರು ಮಗುವಿಗೆ ಜ್ವರ ಬಂದ ದಿನ ಏನು ಮಾಡುತ್ತಿದ್ದರು? "ಅವರು ಹೇಗಿದ್ದರು" ಎಂದು ಕೇಳಿದರೆ "ದೇವರಂಥವಳು" ಅಂತ ಹೇಳಿ ಸುಮ್ಮನಾಗುತ್ತಾರೆ. "ಸಂಬಳದ ದಿನ ಮೊದಲು ಯಾವ ಖರ್ಚಿಗೆ ತೆಗೆದಿಡುತ್ತಿದ್ದರು" ಅಂತ ಕೇಳಿ, ಮಾತು ಹೊರಡುತ್ತದೆ. ಒಂದು ಸಲಕ್ಕೆ ಅರ್ಧ ಗಂಟೆ ಸಾಕು. ಕೈಯಲ್ಲಿ ಹಳೆಯ ಫೋಟೊ ಇರಲಿ, ಫೋನಿನ ರೆಕಾರ್ಡರ್ ಹಾಕಿಟ್ಟಿರುವುದು ಅವರಿಗೆ ಗೊತ್ತಿರಲಿ.

ಫೋನು ಅಂದೆ. ತೀರಿಕೊಂಡವರ ಫೋನಿನದು ಎಲ್ಲಕ್ಕಿಂತ ತುರ್ತಿನ ಕೆಲಸ. 90 ದಿನ ಬಳಸದೆ ಬಿಟ್ಟ ಸಿಮ್ಮನ್ನು ಕಂಪನಿ ನಿಲ್ಲಿಸಬಹುದು, ನಂಬರು ಮುಂದೆ ಬೇರೆಯವರಿಗೆ ಹೋಗುತ್ತದೆ. 120 ದಿನ ಸುಮ್ಮನೆ ಬಿದ್ದಿರುವ ವಾಟ್ಸಾಪ್ ಖಾತೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಅದರಲ್ಲಿ ಅವರ ದನಿ ಇದೆ, ಮೊಮ್ಮಗನಿಗೆ ಕಳಿಸಿದ ವಾಯ್ಸ್ ಮೆಸೇಜುಗಳಿವೆ. ಒಂದೊಂದೇ ಚಾಟ್ ತೆರೆದು ಮೀಡಿಯಾ ಸಮೇತ ಎಕ್ಸ್‌ಪೋರ್ಟ್ ಮಾಡಿ ಎರಡು ಕಡೆ ಇಟ್ಟುಕೊಳ್ಳಿ. ಆ ಹ್ಯಾಂಡ್‌ಸೆಟ್ಟನ್ನು ಇನ್ಯಾರಿಗೋ ಕೊಡಲು ರೀಸೆಟ್ ಮಾಡುವುದು ಆಮೇಲಾಗಲಿ. ಅವರಿಗೆ ಫೇಸ್‌ಬುಕ್ ಇದ್ದರೆ ಡಿಲೀಟ್ ಮಾಡಬೇಕಿಲ್ಲ, ಸ್ಮರಣಾರ್ಥ ಖಾತೆಯಾಗಿ ಬದಲಿಸಲು ಅರ್ಜಿ ಹಾಕಬಹುದು.

ಇನ್ನು ದಾಖಲೆ. ಕುಟುಂಬ ಪಿಂಚಣಿಗೆಂದು ಪಿಪಿಒ (ಪಿಂಚಣಿ ಪಾವತಿ ಆದೇಶ), ನಿವೃತ್ತಿ ಆದೇಶ ಹೇಗೂ ಹೊರಗೆ ಬಂದಿರುತ್ತವೆ. ಜೊತೆಗೆ ಎಸ್‌ಆರ್, ಅಂದರೆ ಸೇವಾ ಪುಸ್ತಕದ ಜೆರಾಕ್ಸ್ ಇದ್ದರೆ ಯಾವ ಊರಿನಲ್ಲಿ ಯಾವತ್ತಿಂದ ಯಾವತ್ತಿನ ತನಕ ಇದ್ದರು ಅನ್ನುವುದು ಕೂತಲ್ಲೇ ಸಿಗುತ್ತದೆ. ಆದರೆ ಕಣ್ಣುಮುಚ್ಚಿ ಇಳಿಸಿಕೊಳ್ಳಬೇಡಿ. ಹುಟ್ಟಿದ ದಿನ ಜೂನ್ 1 ಎಂದಿದ್ದರೆ ಅನುಮಾನಪಡಿ. ಆ ತಲೆಮಾರಿನಲ್ಲಿ ಶಾಲೆಗೆ ಸೇರಿಸುವಾಗ ವಯಸ್ಸು ಕೂಡಿಬರಲೆಂದು ಹೆಡ್‌ಮಾಸ್ತರರು ಹಾಕಿಕೊಳ್ಳುತ್ತಿದ್ದ ತಾರೀಕು ಅದು. ಜಿಲ್ಲೆಯದೂ ಹಾಗೆಯೇ. ಗದಗ, ಹಾವೇರಿ, ಬಾಗಲಕೋಟೆ, ಕೊಪ್ಪಳ, ಉಡುಪಿ, ಚಾಮರಾಜನಗರ, ದಾವಣಗೆರೆ ಜಿಲ್ಲೆಗಳಾದದ್ದು 1997ರಲ್ಲಿ. "1982ರಲ್ಲಿ ಹಾವೇರಿ ಜಿಲ್ಲೆಯಲ್ಲಿ ನೇಮಕವಾಯಿತು" ಎಂದು ಅಚ್ಚು ಹಾಕಿಸಿದರೆ ತಪ್ಪು, ಆಗ ಅದು ಧಾರವಾಡ ಜಿಲ್ಲೆ. ಹೆಸರಿನದು ಮೂರನೆಯ ತೊಡಕು. ಮದುವೆಗೆ ಮುಂಚೆ ಕೆಲಸಕ್ಕೆ ಸೇರಿದವರಾದರೆ ಮೊದಲ ಶಾಲೆಯ ಮಕ್ಕಳಿಗೆ ತವರಿನ ಇನಿಶಿಯಲ್ಲೇ ಗೊತ್ತು. ಎರಡೂ ಹೆಸರು ಹಾಕದಿದ್ದರೆ ಆ ಹಳೆಯ ವಿದ್ಯಾರ್ಥಿಗಳಿಗೆ ಸುದ್ದಿಯೇ ಮುಟ್ಟುವುದಿಲ್ಲ.

ವಿದ್ಯಾರ್ಥಿಗಳಿಗೆ ಬರೋಣ, ಇಡೀ ಬರಹದ ಜೀವ ಇರುವುದು ಅಲ್ಲೇ. ಸಾಮಾನ್ಯವಾಗಿ ಡಾಕ್ಟರು, ಇಂಜಿನಿಯರು ಆದವರನ್ನು ಹುಡುಕಿ ಬರೆಸುತ್ತಾರೆ. ಅವರು "ನನ್ನ ಏಳಿಗೆಗೆ ಕಾರಣ" ಎಂದು ಬರೆದು ತಮ್ಮ ಏಳಿಗೆಯ ವಿಷಯಕ್ಕೇ ಹೋಗಿಬಿಡುತ್ತಾರೆ. ಏಳನೇ ಕ್ಲಾಸಿಗೆ ಬಿಟ್ಟವರನ್ನು, ಅದೇ ಊರಿನಲ್ಲಿ ಅಂಗಡಿ ಇಟ್ಟವರನ್ನು ಕೇಳಿ. ಬೇರೆ ಬೇರೆ ವರ್ಷದ ಐದಾರು ಜನ ಸಾಕು, ಆದರೆ ವರ್ಷಗಳು ದೂರ ದೂರ ಇರಲಿ. ಯಾಕೆಂದರೆ 1985ರ ಹುಡುಗ ಹೇಳುವ ಅಕ್ಕೋರು ಬೇರೆ, 2012ರ ಹುಡುಗಿ ಹೇಳುವ ಮಿಸ್ ಬೇರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ ಕಲಿ, ಅಂದರೆ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ, 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳ ಒಂದು, ಎರಡನೇ ಕ್ಲಾಸಿಗೆಲ್ಲ ಬಂತು. ಬೋರ್ಡಿನ ಮುಂದೆ ನಿಂತು ಪಾಠ ಮಾಡಿದ್ದವರು ನೆಲದ ಮೇಲೆ ಮಕ್ಕಳ ಗುಂಪಿನ ನಡುವೆ ಕೂತು ಕಾರ್ಡು, ಕಲಿಕಾ ಏಣಿ ಹಿಡಿಯಬೇಕಾಯಿತು. ನಿವೃತ್ತಿ ಹತ್ತಿರವಿದ್ದಾಗ ಅದನ್ನು ಒಪ್ಪಿದರೋ, ಗೊಣಗಿದರೋ? ಗೊಣಗಿದ್ದರೆ ಹಾಗೇ ಬರೆಯಿರಿ.

ಕೇಳುವ ಪ್ರಶ್ನೆ ಚಿಕ್ಕದಿರಲಿ. ಒಂದೇ ಕೋಣೆಯಲ್ಲಿ ಎರಡು ಕ್ಲಾಸು ಹೇಗೆ ನಡೆಸುತ್ತಿದ್ದರು? ಬೋರ್ಡಿನ ನಡುವೆ ಗೆರೆ ಎಳೆದು, ಮೂರನೆಯವರಿಗೆ ಏಳರ ಮಗ್ಗಿ ಬರೆಯಲು ಹಚ್ಚಿ, ನಾಲ್ಕನೆಯವರಿಗೆ ಪದ್ಯ ಹೇಳುತ್ತ, ನಡುನಡುವೆ ಮಗ್ಗಿಯ ಸ್ಲೇಟುಗಳತ್ತ ಕಣ್ಣು ಹಾಯಿಸುತ್ತಿದ್ದರೇ? ದಶಕ, ಬಿಡಿ ಕಲಿಸಲು ಹುಣಸೆ ಬೀಜ ತರುತ್ತಿದ್ದರೋ, ಕಡ್ಡಿಗಳನ್ನು ಹತ್ತು ಹತ್ತು ಕಟ್ಟು ಕಟ್ಟಿಸುತ್ತಿದ್ದರೋ? ಕಾಗುಣಿತದಲ್ಲಿ ದೀರ್ಘ ಬಿಟ್ಟವನಿಗೆ ಎಷ್ಟು ಸಲ ಬರೆಸುತ್ತಿದ್ದರು? ಒಂದು ಉತ್ತರ ಸರಿಯಾಗಿ ಸಿಕ್ಕರೂ "ಆದರ್ಶ ಶಿಕ್ಷಕಿ" ಎಂದು ಬರೆಯುವ ಅಗತ್ಯ ಬೀಳುವುದಿಲ್ಲ. ಹೊಡೆಯುತ್ತಿದ್ದರೇ ಎಂದೂ ಕೇಳಿ. ಬೆತ್ತ ಹಿಡಿಯದ ಮೇಷ್ಟ್ರು ಅಪರೂಪವಾಗಿದ್ದ ಕಾಲ ಅದು. 2009ರ ಶಿಕ್ಷಣ ಹಕ್ಕು ಕಾಯ್ದೆ ಬರುವ ಮುಂಚೆಯೇ ಬೆತ್ತ ಕೆಳಗಿಟ್ಟವರಾದರೆ ಅದು ದಾಖಲಾಗಬೇಕಾದ ವಿಷಯ, ಇಡದವರಾದರೆ ಅದೂ. ಜನಗಣತಿ, ಚುನಾವಣೆ ಡ್ಯೂಟಿ, ಬಿಸಿಯೂಟದ ಅಕ್ಕಿ ಲೆಕ್ಕ ಇವನ್ನು ಜೊತೆಗೆ ಕೆಲಸ ಮಾಡಿದವರು ಹೇಳುತ್ತಾರೆ.

ಫೋಟೊ ವಿಷಯದಲ್ಲಿ ಅವಸರ ಮಾಡಿದರೆ ಹಾಳಾಗುವುದೇ ಹೆಚ್ಚು. ಅಂಟು ಹಾಳೆಯ ಹಳೆಯ ಆಲ್ಬಮ್ಮಿನಿಂದ ಕೀಳಲು ಹೋದರೆ ಹರಿಯುತ್ತದೆ, ಪುಟ ಸಮೇತ ಸ್ಕ್ಯಾನ್ ಮಾಡಿ. ಸಣ್ಣ ಕಪ್ಪುಬಿಳುಪು ಫೋಟೊ ಸ್ಕ್ಯಾನಿಗೆ 600 ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ) ಬೇಕು. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಕುಗ್ಗಿಸಿಬಿಡುತ್ತದೆ. ಲ್ಯಾಮಿನೇಶನ್ ಬೇಡವೇ ಬೇಡ, ಒಮ್ಮೆ ಅಂಟಿದ ಪ್ಲಾಸ್ಟಿಕ್ ಬಿಡುವುದಿಲ್ಲ. ಹಿಂದೆ ಬರೆಯುವುದಾದರೆ ಮೆತ್ತಗಿನ ಪೆನ್ಸಿಲ್, ಬಾಲ್ ಪೆನ್ ಒತ್ತು ಮುಂದಕ್ಕೆ ಮೂಡುತ್ತದೆ. ಏಳನೇ ಕ್ಲಾಸಿನ ಗ್ರೂಪ್ ಫೋಟೊ ಸಿಕ್ಕರೆ "ಕುಳಿತವರು, ಎಡದಿಂದ" ಎಂದು ಶುರುಮಾಡಿ ಸಾಲು ಸಾಲಾಗಿ ಹೆಸರು ಹಾಕಿ. ಗೊತ್ತಿಲ್ಲದ ಜಾಗ ಖಾಲಿ ಬಿಡಿ, ಊಹೆಯ ಹೆಸರು ಬೇಡ.

ಹದಿಮೂರನೆಯ ದಿನಕ್ಕೇ ಪುಸ್ತಕ ಕೈಗೆ ಬರಬೇಕು ಅನ್ನುವ ಹಟವೇ ಅರ್ಧ ತಪ್ಪುಗಳ ಮೂಲ. ವರ್ಷಾಬ್ದಿಕಕ್ಕೆ ಇಟ್ಟುಕೊಳ್ಳಿ. ಪಿನ್ ಹೊಡೆಯುವ ಪುಸ್ತಕದ ಪುಟಗಳು ನಾಲ್ಕರ ಲೆಕ್ಕದಲ್ಲಿರಬೇಕು, 32 ಅಥವಾ 48 ಹದವಾಗಿರುತ್ತದೆ. ಕನ್ನಡದ ಸಂಕಟ ಇರುವುದು ಫಾಂಟಿನಲ್ಲಿ. ನೀವು ಫೋನಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್. ಡಿಟಿಪಿ ಅಂಗಡಿಯವರು ಅದನ್ನು ನುಡಿ, ಶ್ರೀಲಿಪಿಯಂಥ ಬೇರೆ ಸಂಕೇತದ ಫಾಂಟಿಗೆ ಬದಲಿಸುವಾಗ ಅರ್ಕಾವೊತ್ತು, ಒತ್ತಕ್ಷರ ಪಲ್ಲಟವಾಗುತ್ತವೆ, ಅದರಲ್ಲೂ ಇಂಗ್ಲಿಷ್ ಹೆಸರುಗಳಲ್ಲಿ. ಕರಡನ್ನು ಪರದೆಯ ಮೇಲೆ ನೋಡಿ ಒಪ್ಪಬೇಡಿ. ಕಾಗದಕ್ಕೆ ಇಳಿಸಿ, ಒಬ್ಬರು ಜೋರಾಗಿ ಓದಿ, ಇನ್ನೊಬ್ಬರು ಮೂಲ ಹಿಡಿದು ಕೂರಬೇಕು.

ಶಾಲೆಯಲ್ಲಿ ದತ್ತಿ ಬಹುಮಾನ ಇಡುವ ಆಸೆ ಬಹಳ ಜನರಿಗೆ. ಹತ್ತು ಸಾವಿರ ರೂಪಾಯಿ ಎಫ್‌ಡಿಗೆ ಶೇಕಡಾ 6ರಂತೆ ವರ್ಷಕ್ಕೆ ಬರುವುದು 600. ಇಪ್ಪತ್ತು ವರ್ಷ ಕಳೆದ ಮೇಲೆ ಅದು ಎಷ್ಟರ ಮಾತು ಅಂತ ಮೊದಲೇ ಯೋಚಿಸಿ. ಬಾಂಡು ಹೆಡ್‌ಮಾಸ್ತರರ ಸ್ವಂತ ಹೆಸರಿನಲ್ಲಿದ್ದರೆ ಅವರ ವರ್ಗಾವಣೆಯ ಜೊತೆಗೆ ಬಹುಮಾನವೂ ನಿಂತ ಹಾಗೆಯೇ. ಶಾಲೆಯ ಖಾತೆಯ ಹೆಸರಿಗೆ, ತಾನಾಗಿ ನವೀಕರಣವಾಗುವ ಹಾಗೆ ಇಡಿಸಿ, ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ನಡಾವಳಿಯಲ್ಲಿ ಬರೆಸಿ, ಒಂದು ನಕಲು ಮನೆಯಲ್ಲಿರಲಿ. ಇಷ್ಟೆಲ್ಲ ತಾಪತ್ರಯ ಬೇಡ ಅನ್ನಿಸಿದರೆ ಪ್ರತಿ ಜೂನ್ ತಿಂಗಳಲ್ಲಿ ಅವರು ಕೊನೆಗೆ ಕೆಲಸ ಮಾಡಿದ ಶಾಲೆಗೆ ಹೋಗಿ ಒಂದನೇ ಕ್ಲಾಸಿಗೆ ಸ್ಲೇಟು, ಕಥೆ ಪುಸ್ತಕ ಕೊಟ್ಟು ಬನ್ನಿ. ಎಷ್ಟು ಮಕ್ಕಳಿದ್ದಾರೆ ಅಂತ ಮುಂಚೆ ಫೋನ್ ಮಾಡಿ ಕೇಳಿಕೊಂಡು ಹೋಗಿ.