ಮಾನಿಟರ್ ಕೊಳ್ಳುವ ಮುನ್ನ ಪೋರ್ಟ್ ನೋಡಿ

ಲ್ಯಾಪ್‌ಟಾಪಿಗೆ ದೊಡ್ಡ ಮಾನಿಟರ್ ಜೋಡಿಸಿಕೊಂಡರೆ ಕತ್ತುನೋವು ತಗ್ಗುತ್ತದೆ, ಕೇಬಲ್ ಸಿಕ್ಕಿಸಿದರೆ ಕೆಲಸ ಮುಗಿಯಿತು ಎಂದು ಲೇಖನವೊಂದರಲ್ಲಿ ಓದಿದೆ. ಕತ್ತಿನ ವಿಚಾರದಲ್ಲಿ ನನ್ನ ತಕರಾರಿಲ್ಲ, ಕೇಬಲ್ಲಿನ ವಿಚಾರದಲ್ಲಿ ಇದೆ. 27 ಇಂಚಿನ 4ಕೆ (3840×2160 ಚುಕ್ಕಿಗಳ) ಮಾನಿಟರನ್ನು ತಂದು ನನ್ನ ಹಳೆಯ ಲ್ಯಾಪ್‌ಟಾಪಿಗೆ ಜೋಡಿಸಿದಾಗ ಚಿತ್ರವೇನೋ ಬಂತು, ಆದರೆ ಮೌಸಿನ ಬಾಣ ಕೈಯ ಹಿಂದೆ ತಡವರಿಸುತ್ತ ಬರುತ್ತಿತ್ತು. ಎರಡು ದಿನ ಮಾನಿಟರನ್ನೇ ಬೈದುಕೊಂಡ ಮೇಲೆ, ಲ್ಯಾಪ್‌ಟಾಪಿನಲ್ಲಿದ್ದ ಎಚ್‌ಡಿಎಂಐ 1.4 ಪೋರ್ಟ್ (ಮಾನಿಟರಿನ ಕೇಬಲ್ ಸಿಕ್ಕಿಸುವ ಕಿಂಡಿಯ ಹಳೆಯ ಆವೃತ್ತಿ) 4ಕೆ ಚಿತ್ರವನ್ನು ಸೆಕೆಂಡಿಗೆ 30 ಬಾರಿ ಮಾತ್ರ ಕಳಿಸಬಲ್ಲದೆಂದೂ, 60 ಬಾರಿ ಬೇಕಾದರೆ 2013ರಲ್ಲಿ ಬಂದ 2.0 ಆವೃತ್ತಿಯಾದರೂ ಇರಬೇಕೆಂದೂ ತಿಳಿಯಿತು. ಯುಎಸ್‌ಬಿ ಟೈಪ್-ಸಿ ಪೋರ್ಟ್ ಇದೆಯಲ್ಲ ಎಂದು ಸಮಾಧಾನಪಡುವಂತೆಯೂ ಇಲ್ಲ. ಆಕಾರ ಒಂದೇ ಆದರೂ, ಚಾರ್ಜಿಂಗಿಗೂ ಫೈಲ್ ವರ್ಗಾವಣೆಗೂ ಮಾತ್ರ ಆಗುವ, ಚಿತ್ರವನ್ನು ಹೊರಗೆ ಕಳಿಸಲಾಗದ ಪೋರ್ಟುಗಳು ಬೇಕಾದಷ್ಟಿವೆ.

ದಿನವಿಡೀ ಕನ್ನಡ ಓದಿ ತಿದ್ದುವವರು ಇನ್ನೊಂದನ್ನು ಗಮನಿಸಬೇಕು. 1920×1080 ಪಿಕ್ಸೆಲ್‌ಗಳನ್ನು (ಚಿತ್ರ ಮೂಡಿಸುವ ಚುಕ್ಕಿಗಳನ್ನು) 27 ಇಂಚಿನ ಪರದೆಗೆ ಹರಡಿದರೆ ಇಂಚಿಗೆ ಬೀಳುವುದು ಸುಮಾರು 82 ಮಾತ್ರ. ಆಗ ಸಣ್ಣ ಅಕ್ಷರದಲ್ಲಿ 'ರಾಷ್ಟ್ರ', 'ಸ್ತ್ರೀ' ಎಂಬಂಥ ಪದಗಳ ಒತ್ತಿನ ಕೆಳಗಿನ ಒತ್ತು ಕಲೆಸಿಹೋಗಿ, ಕರಡಿನ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಅಷ್ಟೇ ಪಿಕ್ಸೆಲ್ 24 ಇಂಚಿನಲ್ಲಿ 92 ಆಗುತ್ತದೆ, ಅದು ಸಾಕಷ್ಟು ಓದುವಂತಿರುತ್ತದೆ. ದೊಡ್ಡದೇ ಬೇಕೆನ್ನುವವರು 2560×1440ರ ಪರದೆಯನ್ನೇ ಕೇಳಿ ಕೊಳ್ಳಲಿ. ಅಂಗಡಿಯಲ್ಲಿ ಮಾನಿಟರ್ ಪರೀಕ್ಷಿಸುವಾಗ ಬಣ್ಣಬಣ್ಣದ ವಿಡಿಯೊ ಬದಲು ಕನ್ನಡದ ಒಂದು ಪುಟ ತೆರೆಸಿ ನೋಡುವುದು ವಾಸಿ.