ಕೈ ಬೀಸಿದವರಿಗೆ ಮಾತ್ರ ಬೆಳಕು

ನಮ್ಮ ಕಚೇರಿಯ ಕಟ್ಟಡ ಹಸಿರು. ಹಸಿರೆಂಬುದು ಇಲ್ಲಿ ಬಣ್ಣವಲ್ಲ, ಬಿರುದು. ಮುಂಬಾಗಿಲ ಬಳಿ ಎಲೆಯ ಚಿತ್ರ ಕೆತ್ತಿದ ಗಾಜಿನ ಫಲಕವಿದೆ, ಅದರ ನೆತ್ತಿಗೊಂದು ದೀಪ. ಇಡೀ ಕಟ್ಟಡದಲ್ಲಿ ಯಾರ ಅಪ್ಪಣೆಗೂ ಕಾಯದೆ ಹಗಲೂ ರಾತ್ರಿ ಉರಿಯುವ ದೀಪ ಅದೊಂದೇ.

ಮಿಕ್ಕ ದೀಪಗಳ ಮುಂದೆ ನಾವು ಬದುಕಿದ್ದೇವೆಂದು ಸಾಬೀತುಪಡಿಸಬೇಕು. ಚಾವಣಿಯ ಸೆನ್ಸರಿಗೆ ಕಾಣುವುದು ಅಲುಗಾಡುವ ಮೈಶಾಖ ಮಾತ್ರ. ಅಲುಗದೆ ಯೋಚಿಸುವವನು ಅದರ ಲೆಕ್ಕದಲ್ಲಿ ಖಾಲಿ ಕುರ್ಚಿ. ಹೀಗಾಗಿ ಕಡತದಲ್ಲಿ ತಲೆ ಹುದುಗಿಸಿದ ನಮ್ಮ ಹಿರಿಯ ಲೆಕ್ಕಿಗರು ಹತ್ತು ನಿಮಿಷಕ್ಕೊಮ್ಮೆ ಕತ್ತಲಲ್ಲಿ ಮುಳುಗಿ, ಎದ್ದು ನಿಂತು, ದಡ ಕಾಣದವರಂತೆ ಎರಡೂ ಕೈ ಬೀಸುತ್ತಾರೆ. ಕೈಯಾಡಿಸುತ್ತ ಹರಟೆ ಹೊಡೆಯುವವರ ಮೇಜಿಗೆ ಮಾತ್ರ ಅಖಂಡ ಬೆಳಕು. ಶೌಚಾಲಯದ ಕಥೆಯನ್ನು ಮರ್ಯಾದೆಗಾಗಿ ಬಿಟ್ಟುಬಿಡುತ್ತೇನೆ. ಬಿಸಿಲು ಬಂತೆಂದು ಪರದೆ ತಾನೇ ಇಳಿಯುತ್ತದೆ. ಪರದೆ ಇಳಿದು ಕತ್ತಲಾಯಿತೆಂದು ದೀಪ ತಾನೇ ಹೊತ್ತಿಕೊಳ್ಳುತ್ತದೆ. ಇದಕ್ಕೆ ಉಳಿತಾಯವೆಂದು ಹೆಸರು.

ಕಿಟಕಿಗೆ ಹಿಡಿ ಇದೆ, ಹಿಡಿಗೆ ಬೀಗವಿದೆ. ಕಟ್ಟಡಗಳಿಗೆ ಅಂಕ ಹಾಕಿ ಈ ಬಿರುದು ಕೊಡುವ, ಅಮೆರಿಕದಲ್ಲಿ ಹುಟ್ಟಿದ ಲೀಡ್ ಎಂಬ ಹಸಿರು ಮಾನದಂಡದ 2009ರ ಆವೃತ್ತಿಯನ್ನು ತಿರುವಿದೆ. ದೀಪದ ಹಿಡಿತ ಕನಿಷ್ಠ ಶೇ 90 ಮಂದಿಯ ಕೈಯಲ್ಲಿದ್ದರೆ ಒಂದು ಅಂಕ. ಸೆಖೆ, ಚಳಿಯನ್ನು ಕನಿಷ್ಠ ಶೇ 50 ಮಂದಿ ತಾವೇ ಸರಿಪಡಿಸಿಕೊಳ್ಳುವಂತಿದ್ದರೆ ಇನ್ನೊಂದು. ಅದಕ್ಕೆ ತೆರೆಯುವ ಕಿಟಕಿಯಾದರೂ ಸಾಕು. ಅದರಿಂದ ಒಳಕ್ಕೆ 20 ಅಡಿ, ಅಕ್ಕಪಕ್ಕ 10 ಅಡಿಯೊಳಗೆ ಕುಳಿತವರೆಲ್ಲ ಫಲಾನುಭವಿಗಳು. ಟೇಪು ತಂದು ಅಳೆದೆ. ನಾನಿರುವುದು ಹದಿನಾಲ್ಕನೆಯ ಅಡಿಯಲ್ಲಿ. ಅಂದರೆ ಕಾಗದದಲ್ಲಿ ನನಗೆ ತಂಗಾಳಿ ಬೀಸುತ್ತಿದೆ. ಬೀಗವೇಕೆಂದು ಕೇಳಿದೆ. “ಅಂಕ ಬಂದಾಗಿದೆಯಲ್ಲ ಸರ್, ಈಗ ತೆರೆದರೆ ಎಸಿ ಕೆಡುತ್ತದೆ” ಎಂದರು ನಿರ್ವಹಣೆಯವರು.

ಗೋಡೆಯಲ್ಲಿ ಎಸಿಯ ತಂಪು ಹೊಂದಿಸುವ ಥರ್ಮೋಸ್ಟಾಟ್ ಕೂಡ ಉಂಟು. ಒತ್ತಿದರೆ ಅಂಕಿ ಬದಲಾಗುತ್ತದೆ, ಬೇರೇನೂ ಬದಲಾಗುವುದಿಲ್ಲ. ಒಳಗೆ ತಂತಿಯೇ ಇಲ್ಲ. ಚಳಿಯವರು ಬಂದು ಏರಿಸುತ್ತಾರೆ, ಸೆಖೆಯವರು ಬಂದು ಇಳಿಸುತ್ತಾರೆ, ಇಬ್ಬರೂ ಗೆದ್ದವರಂತೆ ಮರಳುತ್ತಾರೆ. ಇಡೀ ಕಟ್ಟಡದಲ್ಲಿ ಇಷ್ಟು ಚೆನ್ನಾಗಿ ಕೆಲಸ ಮಾಡುವ ಯಂತ್ರ ಇನ್ನೊಂದಿಲ್ಲ.

ದೂರು ಕೊಟ್ಟವರಿಗೆ ನಿರ್ವಹಣೆಯವರು, ಸೆಖೆ-ಚಳಿಯ ಹಿತವನ್ನು ಅಧ್ಯಯನ ಮಾಡಿದ ಡೆನ್ಮಾರ್ಕಿನ ವಿಜ್ಞಾನಿ ಫ್ಯಾಂಗರ್ 1970ರಲ್ಲಿ ಪ್ರಕಟಿಸಿದ ಸೂತ್ರ ತೋರಿಸುತ್ತಾರೆ: ಉಷ್ಣತೆ ಎಷ್ಟೇ ಹದವಾಗಿದ್ದರೂ ಶೇ 5 ಮಂದಿ ಅತೃಪ್ತರಾಗಿಯೇ ಇರುತ್ತಾರೆ. ನಮ್ಮ ಮಹಡಿಯಲ್ಲಿ ಎಲ್ಲರೂ ಆ ಶೇ 5ಕ್ಕೆ ಸೇರಿದವರು. ಕಿಟಕಿ ತೆರೆಯಬಲ್ಲ ಜನ ಹೆಚ್ಚು ಸೆಖೆಯನ್ನೂ ಒಪ್ಪಿಕೊಳ್ಳುತ್ತಾರೆಂದು ಒಳಾಂಗಣದ ಉಷ್ಣತೆ ಎಷ್ಟು ಹಿತವೆಂದು ಹೇಳುವ, ಅಮೆರಿಕದ ಎಂಜಿನಿಯರುಗಳ ಸಂಘದ ‘ಆಶ್ರೇ 55’ ಮಾನದಂಡ 2004ರಲ್ಲೇ ಒಪ್ಪಿಕೊಂಡಿದೆಯೆಂದು ನಾನೂ ಒಂದು ಕಾಗದ ತೋರಿಸಿದೆ. ಅದನ್ನು ಮರುಬಳಕೆಯ ಬುಟ್ಟಿಗೆ ಹಾಕಿದರು. ಹಸಿರು ಕಟ್ಟಡವಲ್ಲವೇ.

ಮೊನ್ನೆ ತೃಪ್ತಿ ಸಮೀಕ್ಷೆ ನಡೆಯಿತು. ‘ಬೆಳಕು ಸಾಕಷ್ಟಿದೆಯೇ?’ ಏನು ಬರೆಯಲೆಂದು ಯೋಚಿಸುತ್ತ ಕುಳಿತೆ. ದೀಪ ಆರಿತು. ಎದ್ದು ಎರಡೂ ಕೈ ಎತ್ತಿ ಬೀಸಿದೆ. ಬಾಗಿಲಲ್ಲಿ ನಿಂತಿದ್ದ ಸಮೀಕ್ಷೆಯವರು ಅದನ್ನು ಸಮ್ಮತಿಯೆಂದು ಬರೆದುಕೊಂಡು ಮುಂದಿನ ಮೇಜಿಗೆ ಹೋದರು.